ಬುಲೆಟ್ ಪಟಾಕಿ ಹೊಡೆಯುತ್ತಿದ್ದರೆ ಮೊದಲು ಪಾಯಿಂಟ್ ನೋಡಿ

ಹಳೆಯ ಬುಲೆಟ್‌ನ ಸೈಲೆನ್ಸರ್ ಒಮ್ಮೆ ಢಮ್ ಎಂದರೆ ಸಾಕು, ಸವಾರನ ಕೈ ತಾನಾಗಿ ಕಾರ್ಬುರೇಟರ್ ಕಡೆಗೆ ಹೋಗುತ್ತದೆ. ಏರ್ ಸ್ಕ್ರೂವನ್ನು ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ತಿರುವಿ, ಸದ್ದು ತುಸು ಅಡಗಿದಂತೆ ಕಂಡರೆ ಸ್ಕ್ರೂಡ್ರೈವರ್ ಒರೆಸಿಟ್ಟು ಹೊರಡುತ್ತಾರೆ. ನಾಲ್ಕು ದಿನಕ್ಕೆ ಮತ್ತೆ ಅದೇ ರಗಳೆ. ಈಗ ದೋಷ ಒಂದಲ್ಲ, ಎರಡು: ಮೊದಲೇ ಇದ್ದದ್ದು ಒಂದು, ತಿರುವಿ ತಂದುಕೊಂಡದ್ದು ಇನ್ನೊಂದು. ಇಂಥ ಗಾಡಿಗಳನ್ನು ನೋಡಿ ನೋಡಿ ಸಾಕಾಗಿದೆ.

ಇಲ್ಲಿ ಹೇಳುತ್ತಿರುವುದು ಪಾಯಿಂಟ್ (ತೆರೆದು ಮುಚ್ಚುತ್ತಾ ಕಿಡಿ ಹಾರಿಸುವ ಪುಟ್ಟ ಸ್ವಿಚ್), ಕಂಡೆನ್ಸರ್ (ಆ ಸ್ವಿಚ್ ಸುಡದಂತೆ ಕಾಯುವ ಪುಟ್ಟ ಭಾಗ) ಇರುವ ಕಾಸ್ಟ್ ಐರನ್ ಎಂಜಿನ್‌ನ 350 ಸಿಸಿ ಬುಲೆಟ್ ಬಗ್ಗೆ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಅವಕ್ಕೆ ವಾಲ್ವ್ ತೆರೆಯುವ ಟ್ಯಾಪೆಟ್ ಇಲ್ಲ, ಅಳತೆಗಳೂ ಬೇರೆ. ದೋಷ ಹುಡುಕುವ ಕ್ರಮ ಮಾತ್ರ ಹೆಚ್ಚುಕಡಿಮೆ ಇದೇ.

ಮೊದಲು ಕಿವಿ, ಆಮೇಲೆ ಕೈ

ಸದ್ದು ಎಲ್ಲಿಂದ ಬರುತ್ತಿದೆ, ಯಾವಾಗ ಬರುತ್ತಿದೆ ಎಂಬುದನ್ನು ಗಮನಿಸಿ. ಎಕ್ಸಿಲರೇಟರ್ ಕೊಟ್ಟಾಗ ಕಾರ್ಬುರೇಟರ್ ಬಾಯಿಂದ ‘ಫಟ್’ ಎಂದು ಸೀನಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಇನ್‌ಲೆಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಇಳಿಜಾರಿನಲ್ಲಿ ಎಕ್ಸಿಲರೇಟರ್ ಬಿಟ್ಟಾಗ ಮಾತ್ರ ಸೈಲೆನ್ಸರ್ ಪಟಪಟ ಎಂದರೆ ಎಲ್ಲೋ ಗಾಳಿ ನುಸುಳುತ್ತಿದೆ. ಹೊತ್ತುಗೊತ್ತಿಲ್ಲದೆ, ಯಾವ ವೇಗದಲ್ಲಾದರೂ ಢಮ್ ಎನ್ನುತ್ತಿದ್ದರೆ ಕಿಡಿ ತಪ್ಪುತ್ತಿದೆ: ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್ ಬಿಸಿ ಪೈಪಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಇನ್ನು ಕಿಕ್ಕರ್ ತಿರುಗಿ ಹೊಡೆಯುತ್ತಿದ್ದರೆ ಟೈಮಿಂಗ್ ಮುಂದಕ್ಕೆ ಹೋಗಿದೆ, ಅಂದರೆ ಕಿಡಿ ಬೇಕಾದ್ದಕ್ಕಿಂತ ಬೇಗ ಹಾರುತ್ತಿದೆ ಎಂದೇ ತಿಳಿಯಿರಿ. ಅಂಥ ಗಾಡಿಯನ್ನು ‘ಇನ್ನೊಂದು ಸಲ ನೋಡೋಣ’ ಎಂದು ಒದೆಯಬೇಡಿ. ಪಾದದ ಗಂಟು ಮುರಿದುಕೊಂಡವರಿದ್ದಾರೆ.

ಸುಲಭದ್ದನ್ನು ಬೇಗ ಮುಗಿಸಿ. ಬ್ಯಾಟರಿಗೆ ಚಾರ್ಜ್ ಇದೆಯೇ ನೋಡಿ, ಸರಿಯಿದೆ ಎಂದು ಗೊತ್ತಿರುವ ಪ್ಲಗ್ ಹಾಕಿ, ಪ್ಲಗ್ ಕ್ಯಾಪ್ ಸಡಿಲವಾಗಿದ್ದರೆ ಬದಲಿಸಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಟ್ಯಾಪೆಟ್ ಮುಚ್ಚಳ ತೆಗೆದು, ಪಿಸ್ಟನ್ ಕಂಪ್ರೆಷನ್‌ನ ತುದಿಯಲ್ಲಿರುವಂತೆ ಮಾಡಿ (ಹೇಗೆಂದು ಮುಂದೆ ಹೇಳಿದೆ) ವಾಲ್ವ್ ತಳ್ಳುವ ಪುಶ್ ರಾಡ್‌ಗಳನ್ನು ಬೆರಳಿನಿಂದ ತಿರುಗಿಸಿ. ಎರಡೂ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಾಡಬಾರದು. ಎಕ್ಸಾಸ್ಟ್‌ನದು ಕೂದಲೆಳೆಯಷ್ಟು ಸಡಿಲವಿದ್ದರೆ ಒಳ್ಳೆಯದು. ತಿರುಗದಷ್ಟು ಬಿಗಿಯಾಗಿದ್ದರೆ ಎಂಜಿನ್ ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಎಲ್ಲರೂ ಎಡವುವ ಜಾಗ

ಪಾಯಿಂಟ್ ಮತ್ತು ಟೈಮಿಂಗ್ ಎರಡು ಬೇರೆ ಕೆಲಸ, ಆದರೆ ಒಂದರ ಬೆನ್ನಿಗೆ ಇನ್ನೊಂದು ಕಟ್ಟಿಕೊಂಡಿದೆ. ಪಾಯಿಂಟ್ ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ತಾನಾಗಿ ಮುಂದಕ್ಕೆ ಹೋಗುತ್ತದೆ. ಗ್ಯಾಪ್ ಕಡಿಮೆಯಾದರೆ ಹಿಂದಕ್ಕೆ. ಆದ್ದರಿಂದ ಮೊದಲು ಗ್ಯಾಪ್, ನಂತರ ಟೈಮಿಂಗ್. ಟೈಮಿಂಗ್ ಕೂರಿಸಿ ಆಮೇಲೆ ಪಾಯಿಂಟ್ ಉಜ್ಜಿ ಗ್ಯಾಪ್ ಇಡುವವರ ಕೆಲಸ ಅಲ್ಲಿಗೇ ವ್ಯರ್ಥ.

ಪಾಯಿಂಟ್ ಕೂತಿರುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದ ಕೂಡಲೇ ಸ್ಪ್ಯಾನರ್ ಹಾಕಬೇಡಿ. ನಡುವೆ ತಿರುಗಿ ಪಾಯಿಂಟ್ ತೆರೆಯುವ ಕ್ಯಾಮ್ ಅನ್ನು ಎರಡು ಬೆರಳಿನಲ್ಲಿ ಹಿಡಿದು, ಅದು ತಿರುಗುವ ದಿಕ್ಕಿಗೆ ಹೊರಳಿಸಿ ಬಿಡಿ. ಸ್ಪ್ರಿಂಗ್ ಎಳೆದುಕೊಂಡು ಅದು ಟಕ್ಕೆಂದು ಹಿಂದಕ್ಕೆ ಬರಬೇಕು. ಅರ್ಧಕ್ಕೆ ನಿಂತರೆ ಅಥವಾ ಸೋಮಾರಿಯಾಗಿ ಬಂದರೆ ವೇಗ ಹೆಚ್ಚಿದಂತೆ ಕಿಡಿಯನ್ನು ಮುಂದಕ್ಕೆ ತರುವ ಒಳಗಿನ ಅಡ್ವಾನ್ಸ್ ಯೂನಿಟ್‌ಗೆ ತುಕ್ಕು ಹಿಡಿದಿದೆ ಅಥವಾ ಸ್ಪ್ರಿಂಗ್ ಸೋತಿದೆ. ಅದನ್ನು ಬಿಚ್ಚಿ ಶುಚಿ ಮಾಡಿ ಒಂದು ಹನಿ ಎಣ್ಣೆ ಬಿಡದೆ ಎಷ್ಟು ಟೈಮಿಂಗ್ ಇಟ್ಟರೂ ನಿಲ್ಲುವುದಿಲ್ಲ. ಗ್ಯಾರೇಜುಗಳಲ್ಲಿ ಇದನ್ನು ನೋಡುವವರು ತೀರಾ ಅಪರೂಪ.

ಈಗ ಪ್ಲಗ್ ಬಿಚ್ಚಿ, ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟಾಪ್ ಗೇರ್‌ಗೆ ಹಾಕಿ. ಹಿಂದಿನ ಚಕ್ರ ತಿರುಗಿಸಿದರೆ ಎಂಜಿನ್ ನಿಮ್ಮ ಹಿಡಿತದಲ್ಲಿ ನಿಧಾನವಾಗಿ ತಿರುಗುತ್ತದೆ. ಕಿಕ್ಕರ್‌ನಿಂದ ಈ ನಾಜೂಕು ಸಾಧ್ಯವಿಲ್ಲ. ಪಾಯಿಂಟ್ ಅತಿ ಹೆಚ್ಚು ತೆರೆದಿರುವ ಜಾಗದಲ್ಲಿ ನಿಲ್ಲಿಸಿ. ಪಾಯಿಂಟ್ ಮುಖ ಬೂದು ಬಣ್ಣಕ್ಕೆ ತಿರುಗಿದ್ದರೆ ಪಾಯಿಂಟ್ ಫೈಲ್‌ನಿಂದ ನಾಲ್ಕು ಎಳೆತ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ನಡುವೆ ಎಳೆಯಿರಿ. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಉಜ್ಜುತ್ತ ಕೂರಬೇಡಿ, ಹೊಸದು ಹಾಕಿ. ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಫೀಲರ್ ಗೇಜ್ (ಸಂದಿನ ಅಳತೆ ನೋಡುವ ತೆಳು ಪಟ್ಟಿ) ತುಸು ತಡೆಯುತ್ತಾ ಸರಿಯಬೇಕು. ಸ್ಕ್ರೂ ಬಿಗಿದ ಮೇಲೆ ಮತ್ತೊಮ್ಮೆ ಗೇಜ್ ಹಾಕಿ, ಏಕೆಂದರೆ ಬಿಗಿಯುವಾಗಲೇ ಗ್ಯಾಪ್ ಸರಿಯುತ್ತದೆ. ಹ್ಯಾಕ್ಸಾ ಬ್ಲೇಡ್ ತೂರಿಸಿ ಗ್ಯಾಪ್ ಇಡುವ ಅಭ್ಯಾಸ ಇನ್ನೂ ಇದೆ. ಬ್ಲೇಡ್ ಕಂಪನಿಯಿಂದ ಕಂಪನಿಗೆ ದಪ್ಪ ಬದಲಾಗುತ್ತದೆ, ಹಲ್ಲಿನ ಬದಿ ಬೇರೆ. ಒಂದು ಫೀಲರ್ ಗೇಜ್ ಕೊಳ್ಳಲಾಗದಷ್ಟು ದುಬಾರಿಯೇನಲ್ಲ.

ಟೈಮಿಂಗ್‌ಗೆ ಮೊದಲು ಕಂಪ್ರೆಷನ್ ತುದಿ ಸಿಗಬೇಕು. ಪ್ಲಗ್ ತೂತಿನ ಮೇಲೆ ಹೆಬ್ಬೆರಳಿಟ್ಟು ಚಕ್ರ ತಿರುಗಿಸಿ. ಗಾಳಿ ಬೆರಳನ್ನು ತಳ್ಳುತ್ತಿದ್ದರೆ ಪಿಸ್ಟನ್ ಸರಿಯಾದ ಏರಿಕೆಯಲ್ಲಿದೆ. ಮೇಲಿನ ತುದಿಯನ್ನು ಬಗ್ಗಿಸಿದ ಸೈಕಲ್ ಸ್ಪೋಕ್ ಒಂದನ್ನು ತೂತಿನೊಳಗೆ ಬಿಡಿ. ಬಗ್ಗಿಸದಿದ್ದರೆ ಅದು ಒಳಗೆ ಜಾರಿ ಹೆಡ್ ಬಿಚ್ಚುವ ಗತಿ ಬಂದೀತು. ಸ್ಪೋಕ್ ಅತಿ ಮೇಲೆ ಬಂದ ಜಾಗವೇ ತುದಿ. ಬೇಕಿರುವುದು ಅದಕ್ಕಿಂತ 0.8 ಮಿಲಿಮೀಟರ್ ಮೊದಲಿನ ಜಾಗ. ಇಲ್ಲಿ ಅವಸರ ಬೇಡ: ತುದಿಯಿಂದ ಸಾಕಷ್ಟು ಹಿಂದಕ್ಕೆ ಹೋಗಿ, ಎಂಜಿನ್ ಓಡುವ ದಿಕ್ಕಿನಲ್ಲೇ ಮುಂದೆ ತಂದು ಆ ಜಾಗದಲ್ಲಿ ನಿಲ್ಲಿಸಿ. ಹಿಂದಕ್ಕೆ ತಿರುಗಿಸುತ್ತಾ ನಿಲ್ಲಿಸಿದರೆ ಗೇರ್ ಹಲ್ಲುಗಳ ನಡುವಿನ ಸಡಿಲವೇ ನಿಮ್ಮ ಲೆಕ್ಕವನ್ನು ಕೆಡಿಸುತ್ತದೆ. ಪ್ಲಗ್ ತೂತು ಓರೆಯಾಗಿರುವುದರಿಂದ ಸ್ಪೋಕ್‌ನ ಅಳತೆ ಅಂದಾಜಿನದೇ. ಡಯಲ್ ಗೇಜ್ ಇರುವ ಮೆಕ್ಯಾನಿಕ್ ಸಿಕ್ಕರೆ ಅವರ ಬಳಿಯೇ ಇಡಿಸಿ.

ಪಾಯಿಂಟ್ ಸರಿಯಾಗಿ ಆ ಜಾಗದಲ್ಲಿ ತೆರೆಯಲು ಶುರುವಾಗಬೇಕು. ಕೀ ಆಫ್ ಮಾಡಿ, ಸಿಗರೇಟ್ ಸುತ್ತುವ ತೆಳು ಕಾಗದವನ್ನು ಪಾಯಿಂಟ್ ನಡುವೆ ಕಚ್ಚಿಸಿ ಹಗುರವಾಗಿ ಎಳೆದು ಹಿಡಿದುಕೊಳ್ಳಿ. ಬೇಸ್ ಪ್ಲೇಟ್‌ನ ಬೋಲ್ಟ್ ಸಡಿಲಿಸಿ ಪ್ಲೇಟನ್ನು ಕೂದಲೆಳೆಯಷ್ಟು ಹೊರಳಿಸಿ. ಕ್ಯಾಮ್ ತಿರುಗುವ ದಿಕ್ಕಿಗೆ ಎದುರಾಗಿ ಹೊರಳಿಸಿದರೆ ಟೈಮಿಂಗ್ ಮುಂದಕ್ಕೆ, ಜೊತೆಗೆ ಹೊರಳಿಸಿದರೆ ಹಿಂದಕ್ಕೆ. ಕಾಗದ ಹರಿಯದೆ ಜಾರಿ ಕೈಗೆ ಬಂದ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಬಿಗಿದು ಮತ್ತೆ ಪರೀಕ್ಷಿಸಿ. ಹೆಡ್‌ಲೈಟ್ ಮೇಲಿನ ಆಂಪಿಯರ್ ಮೀಟರ್‌ನಲ್ಲೂ ಇದು ಕಾಣುತ್ತದೆ: ಪಾಯಿಂಟ್ ಮುಚ್ಚಿರುವಾಗ ಮುಳ್ಳು ಮೈನಸ್ ಕಡೆಗೆ ವಾಲಿರುತ್ತದೆ, ತೆರೆದೊಡನೆ ನಡುವಿಗೆ ನೆಗೆಯುತ್ತದೆ. ಆದರೆ ಅದಕ್ಕೆ ಕೀ ಆನ್ ಇರಬೇಕು, ಪ್ಲಗ್ ತೂತು ತೆರೆದಿದೆ, ಕಿಡಿ ಹಾರುತ್ತದೆ. ನನಗೆ ಕಾಗದವೇ ವಾಸಿ. ಮೀಟರ್‌ನಲ್ಲಿ ನೋಡಲೇಬೇಕೆಂದರೆ ಪ್ಲಗ್ ಅನ್ನು ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ದೂರದಲ್ಲಿ ಎಂಜಿನ್ ಲೋಹಕ್ಕೆ ತಾಗಿಸಿಡಿ, ಪೆಟ್ರೋಲ್ ಟ್ಯಾಪ್ ಮುಚ್ಚಿರಲಿ.

ಕಂಡೆನ್ಸರ್ ಬಗ್ಗೆ ಒಂದು ಮಾತು. ಎಂಜಿನ್ ಓಡುವಾಗ ಪಾಯಿಂಟ್ ನಡುವೆ ದಪ್ಪ ನೀಲಿ ಕಿಡಿ ಕಾಣುತ್ತಿದ್ದರೆ, ತಣ್ಣಗಿರುವಾಗ ಸುಮ್ಮನಿದ್ದ ಗಾಡಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಪಟಾಕಿ ಶುರುಮಾಡಿದರೆ, ಅನುಮಾನ ಅದರ ಮೇಲೆಯೇ ಇರಲಿ. ಹೆಸರು, ವಿಳಾಸ ಯಾವುದೂ ಇಲ್ಲದ ಪ್ಲಾಸ್ಟಿಕ್ ಪೊಟ್ಟಣದ ಕಂಡೆನ್ಸರ್‌ಗಳು ಹೊಸದಾಗಿಯೇ ಸತ್ತಿರುತ್ತವೆ. ಚೆನ್ನಾಗಿ ಓಡುತ್ತಿರುವ ಹಳೆಯದನ್ನು ‘ಹೇಗೂ ಬಿಚ್ಚಿದ್ದೇವಲ್ಲ’ ಎಂದು ಎಸೆಯಬೇಡಿ.

ಗಾಳಿ ನುಸುಳುವ ಸಂದುಗಳು

ಪೈಪ್ ಹೆಡ್‌ಗೆ ಸೇರುವ ಕಡೆ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಸೋರಿಕೆಯಿದೆ. ಎಕ್ಸಿಲರೇಟರ್ ಬಿಟ್ಟಾಗಿನ ಪಟಪಟ ಸದ್ದಿಗೆ ಬಹುಪಾಲು ಅದೇ ಕಾರಣ. ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಸಂದಿಗೆ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ, ಸೋಪಿನ ನೀರು ಚಿಮುಕಿಸಿ. ಎಂಜಿನ್ ಓಟದ ಲಯ ಬದಲಾದರೆ ಗ್ಯಾಸ್ಕೆಟ್ ಹೋಗಿದೆ. ಕೆಲವರು ಇದೇ ಪರೀಕ್ಷೆಗೆ ಸಿರಿಂಜ್‌ನಲ್ಲಿ ಪೆಟ್ರೋಲ್ ಬಿಡುತ್ತಾರೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲುವವರ ಹತ್ತಿರ ನಿಲ್ಲಬೇಡಿ. ಏರ್ ಫಿಲ್ಟರ್ ತೆಗೆದು ಓಡಿಸುವುದೂ ಬೇಡ. ಕಾರ್ಬುರೇಟರ್ ಸೀನಿದಾಗ ಜ್ವಾಲೆಯನ್ನು ತಡೆಯುವುದು ಅದೇ. ಒಳಗೆ ಏನೂ ಇಲ್ಲದ ಸದ್ದಿನ ಸೈಲೆನ್ಸರ್ ಹಾಕಿಸಿಕೊಂಡವರು ಮೊದಲು ಮೂಲ ಸೈಲೆನ್ಸರ್ ಹಾಕಿ, ಆಮೇಲೆ ದೋಷ ಹುಡುಕಲಿ.

ಕೊನೆಗೆ ಕಾರ್ಬುರೇಟರ್

ಇಷ್ಟೆಲ್ಲ ಸರಿಯಿದ್ದೂ ಸದ್ದು ನಿಲ್ಲದಿದ್ದರೆ ಈಗ ಬಿಚ್ಚಿ. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಕಟ್ಟಿಕೊಂಡಿರುವುದೇ ಹೆಚ್ಚು. ಅದನ್ನು ತಂತಿಯಿಂದ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಊದಿಸಿ. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ ಅಳತೆಗೆ ಮಿಶ್ರಣ ತೆಳುವಾಗುತ್ತದೆ, ಹಳೆಯ ರಬ್ಬರ್ ಪೈಪ್, ಓರಿಂಗ್‌ಗಳೂ ಬೇಗ ಹಾಳಾಗುತ್ತವೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಫ್ಲೋಟ್ ಬಟ್ಟಲು ಖಾಲಿ ಮಾಡಿಯೇ ನಿಲ್ಲಿಸಿ.

ಏರ್ ಸ್ಕ್ರೂವನ್ನು ಮೃದುವಾಗಿ ಪೂರ್ತಿ ಒಳಗೆ ತಿರುವಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬನ್ನಿ. ಒಳಗೆ ಹೋದಷ್ಟೂ ಪೆಟ್ರೋಲ್ ಹೆಚ್ಚು, ಹೊರಗೆ ಬಂದಷ್ಟೂ ಗಾಳಿ ಹೆಚ್ಚು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಕಾಲು ಕಾಲು ಸುತ್ತು ತಿರುವಿ ಸಮವಾಗಿ ಬಡಿದುಕೊಳ್ಳುವ ಜಾಗ ಹುಡುಕಿ. ಆಮೇಲೆ ಏರುದಾರಿಯಲ್ಲಿ ಸ್ವಲ್ಪ ದೂರ ಓಡಿಸಿ, ಎಂಜಿನ್ ಆರಿಸಿ, ಪ್ಲಗ್ ತಣಿದ ಮೇಲೆ ಬಿಚ್ಚಿ ನೋಡಿ. ಬಿಸ್ಕತ್ತಿನ ಬಣ್ಣವಿದ್ದರೆ ಕಾರ್ಬುರೇಟರ್ ಒಳಗಿನ ಸೂಜಿಯನ್ನು ಮುಟ್ಟಬೇಡಿ. ಬಿಳಿಚಿಕೊಂಡಿದ್ದರೆ ಸೂಜಿಯ ಕ್ಲಿಪ್ ಅನ್ನು ಒಂದು ಗೀರು ಕೆಳಗೆ ಹಾಕಿ, ಮಸಿ ಹಿಡಿದಿದ್ದರೆ ಒಂದು ಗೀರು ಮೇಲೆ.