ಡೈನೋ ಇಲ್ಲದೆ, ಸೆಕೆಂಡು ಎಣಿಸಿ ಇಂಜಿನ್ ಟ್ಯೂನ್ ಮಾಡಿದ ನನ್ನ ಅನುಭವ

ಕಾರ್ಬ್ಯುರೇಟರ್ ಕಿತ್ತು ಇಂಜೆಕ್ಷನ್ ಹಾಕುತ್ತೇನೆ ಅಂದಾಗ ಯಾರೂ ಅಷ್ಟಾಗಿ ತಡೆಯಲಿಲ್ಲ. ಕಿಡಿ ಯಾವಾಗ ಹಾರಬೇಕು ಅಂತ ಹೇಳುವ ಇಗ್ನಿಷನ್ ಟೇಬಲನ್ನೂ ಡೈನೋ (ಇಂಜಿನ್ ಶಕ್ತಿ ಅಳೆಯುವ ಯಂತ್ರ) ಇಲ್ಲದೆ ನಾನೇ ಮಾಡುತ್ತೇನೆ ಅಂದಾಗ ಮಾತ್ರ ಎಲ್ಲರೂ ಮೂಗು ಮುರಿದರು. "ಪಿಸ್ಟನ್ ತೂತು ಬಿದ್ದ ಮೇಲೆ ಗೊತ್ತಾಗುತ್ತೆ ಬಿಡು" ಅಂದವರೂ ಇದ್ದಾರೆ. ಈಗ ಗಾಡಿ ಸುಮಾರು ಹದಿನೆಂಟು ಸಾವಿರ ಕಿಲೋಮೀಟರ್ ಓಡಿದೆ. ಪಿಸ್ಟನ್ ಗಟ್ಟಿಯಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಂಜಿನ್ 1600 ಸಿಸಿ, ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಟರ್ಬೋ ಇಲ್ಲ. ಪೆಟ್ರೋಲ್, ಕಿಡಿ ಎರಡನ್ನೂ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸ್ಪೀಡುಯಿನೋ, ಅಂದರೆ ಆರ್ಡುಯಿನೋ ಮೆಗಾ 2560 ಮೇಲೆ ಕೂರುವ ಬೋರ್ಡು. ಬೆಸುಗೆಯೆಲ್ಲ ನನ್ನದೇ. ಪುಲ್ಲಿಗೆ 36-1 ಚಕ್ರ (36 ಹಲ್ಲಿನ ಜಾಗದಲ್ಲಿ ಒಂದು ಖಾಲಿ), ಆ ಹಲ್ಲು ಓದುವ ವಿಆರ್ ಸೆನ್ಸರ್, ಒಟ್ಟಿಗೆ ಎರಡು ಸಿಲಿಂಡರಿಗೆ ಕಿಡಿ ಕೊಡುವ ವೇಸ್ಟೆಡ್ ಸ್ಪಾರ್ಕ್ ಕಾಯಿಲ್. ಎಕ್ಸಾಸ್ಟ್‌ನಲ್ಲಿ ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್. ಲ್ಯಾಪ್‌ಟಾಪಿನಲ್ಲಿ ಟ್ಯೂನಿಂಗ್ ಸಾಫ್ಟ್‌ವೇರ್ ಟ್ಯೂನರ್‌ಸ್ಟುಡಿಯೋ. ಇಷ್ಟು ಹೇಳಿದರೆ ನಿಮಗೆ ಚಿತ್ರ ಸಿಕ್ಕಿತು, ಅಲ್ವಾ?

ಮೊದಲ ನಾಲ್ಕು ತಿಂಗಳು ಪೂರ್ತಿ ದಂಡ. ಟೇಬಲ್ ಮುಟ್ಟುವ ಮೊದಲೇ ಸೋತಿದ್ದೆ, ಅದು ನನಗೆ ಗೊತ್ತಿರಲಿಲ್ಲ. ಗಾಡಿ ಸ್ಟಾರ್ಟ್ ಆಗುತ್ತಿತ್ತು, ಐಡಲ್ ಚೆನ್ನಾಗಿತ್ತು. 4000 ಆರ್‌ಪಿಎಂ ಹತ್ತಿರ ಹೋದರೆ ಸಿಂಕ್ ತಪ್ಪಿ (ಇಂಜಿನ್ ಎಲ್ಲಿಗೆ ತಿರುಗಿದೆ ಅನ್ನುವ ಲೆಕ್ಕ ಇಸಿಯುವಿಗೆ ಕೈತಪ್ಪಿ) ಜರ್ಕ್ ಹೊಡೆಯುತ್ತಿತ್ತು. ಬೋರ್ಡ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಬೋರ್ಡ್ ಕಟ್ಟಿದೆ. ಅದೂ ಹಾಗೆಯೇ. ಸೆನ್ಸರ್ ಬದಲಿಸಿದೆ. ಅದೂ ಹಾಗೆಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಆ ಎರಡು ವಸ್ತುಗಳ ದುಡ್ಡಿನಲ್ಲಿ ನಾಲ್ಕೂ ಇಂಜೆಕ್ಟರ್ ಹೊಸದು ಬರುತ್ತಿದ್ದವು. ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಕಿಡಿಯ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ, ಕಿಡಿಯ ಜೊತೆಗೇ ಮಿನುಗುವ ಟೈಮಿಂಗ್ ಲೈಟನ್ನು ಪುಲ್ಲಿಯ ಗುರುತಿಗೆ ಹಿಡಿದೆ. ಲಾಕ್ ಮಾಡಿದ ಮೇಲೆ ಗುರುತು ಒಂದೇ ಕಡೆ ನಿಲ್ಲಬೇಕು ತಾನೇ? ರೇಸ್ ಮಾಡಿದಂತೆ ಗುರುತು ಮೆಲ್ಲಗೆ ಜಾರುತ್ತಿತ್ತು. ವಿಆರ್ ಸೆನ್ಸರಿನ ಎರಡು ತಂತಿ ಅದಲು ಬದಲಾಗಿದ್ದವು. ಹಲ್ಲು ದಾಟುವಾಗ ಬರುವ ಚೂಪಾದ ಏರಿಳಿತ ಬಿಟ್ಟು, ಎರಡು ಹಲ್ಲುಗಳ ನಡುವಿನ ಸೋಮಾರಿ ಅಂಚನ್ನು ಇಸಿಯು ಓದುತ್ತಿತ್ತು. ಹಲ್ಲಿಲ್ಲದ ಜಾಗದಲ್ಲಂತೂ ಆ ಅಂಚು ಎಲ್ಲಿದೆ ಅನ್ನುವುದಕ್ಕೆ ನೆಲೆಯೇ ಇಲ್ಲ. ತಂತಿ ತಿರುಗಿಸಿದೆ. ಗುರುತು ಕಲ್ಲಿನ ಹಾಗೆ ನಿಂತಿತು. ನಾಲ್ಕು ತಿಂಗಳ ಕಾಟ ಎರಡು ನಿಮಿಷದಲ್ಲಿ ಮುಗಿಯಿತು.

ಆಮೇಲೂ 5000 ದಾಟಿದಾಗ ಒಂದೊಂದು ಸಲ ಸಿಂಕ್ ತಪ್ಪುತ್ತಿತ್ತು. ಅದಕ್ಕೆ ಕಾರಣ ಎರಡು. ಸೆನ್ಸರ್ ವೈರಿನ ಶೀಲ್ಡನ್ನು ಎರಡೂ ತುದಿಯಲ್ಲಿ ಅರ್ತ್ ಮಾಡಿದ್ದೆ. ಇಸಿಯು ಕಡೆ ಮಾತ್ರ ಉಳಿಸಿ ಇನ್ನೊಂದು ತುದಿ ಕತ್ತರಿಸಿದೆ. ಇನ್ನೊಂದು, ರೆಸಿಸ್ಟರ್ ಇಲ್ಲದ ಹಳೇ ಪ್ಲಗ್‌ಗಳು, ಅವುಗಳ ಕಿಡಿ ಸೆನ್ಸರ್ ಸಿಗ್ನಲ್ ಕೆಡಿಸುತ್ತಿತ್ತು. ಪ್ಲಗ್ ಬದಲಿಸಿದ ದಿನದಿಂದ ಲಾಗ್‌ನಲ್ಲಿ ಸಿಂಕ್ ಲಾಸ್ ಎಣಿಕೆ ಸೊನ್ನೆ. ಸೆನ್ಸರ್‌ಗಳ ಅರ್ತ್ ಎಲ್ಲ ಇಸಿಯುವಿಗೇ ಬರಬೇಕು, ಇಸಿಯುವಿನ ಅರ್ತ್ ಇಂಜಿನ್ ಬ್ಲಾಕಿನ ಒಂದೇ ಬೋಲ್ಟಿಗೆ ಹೋಗಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಇನ್ನು ಫ್ಯೂಯಲ್. ಎಷ್ಟು ಪೆಟ್ರೋಲ್ ಬಿಡಬೇಕು ಅಂತ ನಿರ್ಧರಿಸುವ ವಿಇ ಟೇಬಲ್ ಸರಿ ಮಾಡುವ ಲೆಕ್ಕ ಎಲ್ಲರಿಗೂ ಗೊತ್ತು. ಬಂದ ಎಎಫ್‌ಆರನ್ನು (ಗಾಳಿ-ಪೆಟ್ರೋಲ್ ಅನುಪಾತ) ಬೇಕಾದ ಎಎಫ್‌ಆರಿನಿಂದ ಭಾಗಿಸಿ ಹಳೆಯ ಸಂಖ್ಯೆಗೆ ಗುಣಿಸುವುದು. 60 ಇದ್ದ ಕೋಶದಲ್ಲಿ 13 ಬೇಕಾದ ಕಡೆ 14.2 ಬಂದರೆ ಹೊಸ ಸಂಖ್ಯೆ ಸುಮಾರು 65.5. ಆದರೆ ವೈಡ್‌ಬ್ಯಾಂಡ್ ಹೇಳಿದ್ದನ್ನೆಲ್ಲ ನಂಬಿ ನಾನು ಕೈ ಸುಟ್ಟುಕೊಂಡೆ. ಲೋಡ್ ಜಾಸ್ತಿ ಇರುವ ಕಡೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ ಅಂತ ತೋರಿಸುತ್ತಿತ್ತು. ಪೆಟ್ರೋಲ್ ಹೆಚ್ಚಿಸಿದೆ. ಮತ್ತೆ ಲೀನ್. ಇನ್ನೂ ಹೆಚ್ಚಿಸಿದೆ. ಒಂದು ವಾರಕ್ಕೆ ಪ್ಲಗ್‌ಗಳು ಮಸಿ ಹಿಡಿದವು, ಡಿಪ್‌ಸ್ಟಿಕ್ ಎಳೆದರೆ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ. ನಿಜವಾಗಿ ಆಗುತ್ತಿದ್ದದ್ದು ಮಿಸ್ಸಿಂಗ್. ಕಿಡಿ ಹತ್ತದಿದ್ದರೆ ಆ ಸಿಲಿಂಡರಿನ ಆಮ್ಲಜನಕ ಹಾಗೇ ಎಕ್ಸಾಸ್ಟಿಗೆ ಹೋಗುತ್ತದೆ. ವೈಡ್‌ಬ್ಯಾಂಡ್ ಅಳೆಯುವುದು ಅದನ್ನೇ, ಉರಿಯದ ಪೆಟ್ರೋಲನ್ನಲ್ಲ. ಕಾಯಿಲ್‌ಗೆ ಡ್ವೆಲ್ (ಕಿಡಿಗೆ ಮೊದಲು ಚಾರ್ಜ್ ಆಗುವ ಸಮಯ) 2 ಮಿಲಿಸೆಕೆಂಡ್ ಕೊಟ್ಟಿದ್ದೆ. ನನ್ನ ಕಾಯಿಲ್‌ಗೆ 3.5 ಹತ್ತಿರ ಬೇಕಿತ್ತು. ಕೊಟ್ಟ ತಕ್ಷಣ ಅದೇ ಟೇಬಲ್‌ನಲ್ಲಿ ಎಎಫ್‌ಆರ್ 11ಕ್ಕೆ ಇಳಿಯಿತು, ಅಂದರೆ ಅಷ್ಟು ಪೆಟ್ರೋಲ್ ಸುಮ್ನೆ ಸುರಿದಿದ್ದೆ. ಎರಡು ಸಲ ಆಯಿಲ್ ಬದಲಿಸಿದ ಖರ್ಚು ಬೇರೆ. ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೂ ಇದೇ ಆಟ, ಹೊರಗಿನ ಗಾಳಿ ಒಳಗೆ ಸೇರಿ ಲೀನ್ ತೋರಿಸುತ್ತದೆ. ಹಾಗಾಗಿ ಈಗ ಲೀನ್ ಕಂಡರೆ ಮೊದಲು ಕಿಡಿ, ಆಮೇಲೆ ಸೋರಿಕೆ, ಕೊನೆಗೆ ಪೆಟ್ರೋಲ್ ನೋಡುತ್ತೇನೆ.

ಮಧ್ಯೆ ಒಂದು ಸಣ್ಣ ಪ್ರಯೋಗ. ಹಳೇ ಇಂಜೆಕ್ಟರ್‌ಗಳು ನಿಮಿಷಕ್ಕೆ 240 ಸಿಸಿಯವು. ನಾಲ್ಕನ್ನೂ ರೈಲ್ ಸಮೇತ ಬಿಚ್ಚಿ, 3 ಬಾರ್ ಒತ್ತಡದಲ್ಲಿ ನಾಲ್ಕು ಅಳತೆ ಜಾಡಿಗಳಿಗೆ ಮೂವತ್ತು ಸೆಕೆಂಡು ಬಿಟ್ಟೆ. ಬಯಲಿನಲ್ಲಿ, ಬ್ಯಾಟರಿ ದೂರ ಇಟ್ಟು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು. ಮೂರರಲ್ಲಿ 118ರಿಂದ 121 ಮಿಲಿಲೀಟರ್ ಬಂತು. ಮೂರನೇ ಸಿಲಿಂಡರಿನದರಲ್ಲಿ 108. ವೈಡ್‌ಬ್ಯಾಂಡ್ ತೋರಿಸುವುದು ನಾಲ್ಕರ ಸರಾಸರಿ. ಸರಾಸರಿ ಚೆನ್ನಾಗಿದ್ದರೂ ಒಂದು ಸಿಲಿಂಡರ್ ಒಣಗುತ್ತಿರಬಹುದು. ಶುಚಿ ಮಾಡಿಸಿದ ಮೇಲೆ ಅದೂ 117ಕ್ಕೆ ಬಂತು. ಈ ಕೆಲಸ ಮಾಡದೆ ಕಿಡಿಯನ್ನು ಇನ್ನೂ ಬೇಗ ಹಾರಿಸಲು ಹೋಗಿದ್ದರೆ ಆ ಪಿಸ್ಟನ್ ಉಳಿಯುತ್ತಿರಲಿಲ್ಲ.

ಬಿಸಿ ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಒದ್ದಾಡುತ್ತಿತ್ತು. ಗಾಳಿಯ ಟೆಂಪರೇಚರ್ ಸೆನ್ಸರ್ ಮ್ಯಾನಿಫೋಲ್ಡ್ ಮೇಲೆ ಕೂತು ಕಾಯ್ದು, ಗಾಳಿ ತೆಳುವಾಗಿದೆ ಅಂತ ಇಸಿಯುವಿಗೆ ಸುಳ್ಳು ಹೇಳುತ್ತಿತ್ತು. ಸೆನ್ಸರನ್ನು ಫಿಲ್ಟರ್ ಕಡೆ ಸರಿಸಿದೆ, ಹೋಯಿತು.

ಈಗ ಎಲ್ಲರೂ ಅನುಮಾನಪಟ್ಟ ಭಾಗ. ಅಡ್ವಾನ್ಸ್ ಎಷ್ಟು ಕೊಡಬೇಕು, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಅನ್ನುವುದನ್ನು ಡೈನೋ ಟಾರ್ಕ್ (ತಿರುಗಿಸುವ ಬಲ) ನೋಡಿ ಹೇಳುತ್ತದೆ. ಒಂದು ದಿನದ ಡೈನೋ ಬಾಡಿಗೆಯಲ್ಲಿ ನನ್ನ ಇಸಿಯು, ವೈರಿಂಗ್ ಎರಡೂ ಮುಗಿಯುತ್ತಿತ್ತು. ಅಷ್ಟು ನನ್ನ ಹತ್ತಿರ ಇರಲಿಲ್ಲ. ಆದರೆ ಟಾರ್ಕ್ ಜಾಸ್ತಿಯಾದರೆ ಗಾಡಿ ಬೇಗ ಎಳೆಯಲೇಬೇಕು. ಹಾಗಿದ್ದ ಮೇಲೆ ಸಮಯ ಅಳೆದರೆ ಸಾಕು. ಲಾಗ್‌ನಲ್ಲಿ ಅದು ಇದ್ದೇ ಇದೆ.

ಬೇರೆ ಗಾಡಿ ಓಡಾಡದ ಒಂದು ಖಾಸಗಿ ನೇರ ದಾರಿ. ಮೂರನೇ ಗೇರು. 2200ರಲ್ಲಿ ಪೂರ್ತಿ ಥ್ರಾಟಲ್ ಒತ್ತಿ, 2500ರಿಂದ 4500 ತಲುಪಲು ಎಷ್ಟು ಸೆಕೆಂಡು ಅಂತ ಲಾಗ್‌ನಿಂದ ತೆಗೆಯುವುದು. ಹೋಗುತ್ತಾ ಎರಡು ಸಲ, ಬರುತ್ತಾ ಎರಡು ಸಲ. ಗಾಳಿ, ಇಳಿಜಾರು ಎರಡೂ ಇದರಲ್ಲಿ ಹೊಡೆದು ಹೋಗುತ್ತವೆ. ಓಡಿಸುವವನು ನಾನು, ಲ್ಯಾಪ್‌ಟಾಪ್ ನೋಡುವವನು ಗೆಳೆಯ. ಒಬ್ಬರೇ ಎರಡೂ ಮಾಡಬೇಡಿ. ಕೂಲಂಟ್ 85ರಿಂದ 90 ಡಿಗ್ರಿ ಒಳಗಿದ್ದರೆ ಮಾತ್ರ ಲೆಕ್ಕಕ್ಕೆ. ಎಎಫ್‌ಆರ್ 12.7 ಆಸುಪಾಸಿನಲ್ಲಿ ನಿಂತ ಮೇಲೆಯೇ ಇಗ್ನಿಷನ್ ಮುಟ್ಟಿದ್ದು.

ಪೂರ್ತಿ ಲೋಡಿನ ಸಾಲನ್ನು ಬೇಕೆಂದೇ ಕಡಿಮೆಯಿಂದ ಶುರು ಮಾಡಿದೆ, 22 ಡಿಗ್ರಿ. ನೆನಪಿನಿಂದ ಹೇಳುತ್ತೇನೆ. 22ಕ್ಕೆ 8.3 ಸೆಕೆಂಡು. 24ಕ್ಕೆ 7.9. 26ಕ್ಕೆ 7.6. 28ಕ್ಕೆ 7.5. 30ಕ್ಕೂ 7.5. ಅಲ್ಲಿಗೆ ನಿಲ್ಲಿಸಿದೆ. ಸಮಯ ಇಳಿಯುವುದು ನಿಂತ ಮೇಲೆ ಅಡ್ವಾನ್ಸ್ ಇನ್ನೂ ಏರಿಸಿದರೆ ಸಿಗುವುದು ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಮಾತ್ರ. 28ರಿಂದಲೂ ಎರಡು ಡಿಗ್ರಿ ಹಿಂದಕ್ಕೆ ತಂದು 26ಕ್ಕೆ ಬಿಟ್ಟೆ. ಕಳೆದುಕೊಂಡದ್ದು ಸೆಕೆಂಡಿನ ಹತ್ತನೇ ಒಂದು ಭಾಗ. ಈ ಸಂಖ್ಯೆ ನನ್ನ ಇಂಜಿನ್‌ನದು, ನಿಮ್ಮದಕ್ಕೆ ಹಾಗೇ ಹಾಕಬೇಡಿ. ಕಂಪ್ರೆಷನ್, ಹೆಡ್ಡಿನ ಆಕಾರ, ಪೆಟ್ರೋಲಿನ ಆಕ್ಟೇನ್ ಬದಲಾದರೆ ಎಲ್ಲ ಬದಲಾಗುತ್ತದೆ.

ನಾಕಿಂಗ್ ಕೇಳಲು ತಾಮ್ರದ ಕೊಳವೆಯ ತುದಿ ಚಪ್ಪಟೆ ಮಾಡಿ, ತೂತು ಕೊರೆದು ಬ್ಲಾಕಿಗೆ ಬೋಲ್ಟ್ ಮಾಡಿದೆ. ಇನ್ನೊಂದು ತುದಿಗೆ ರಬ್ಬರ್ ಪೈಪು, ಅದರ ಕೊನೆಗೆ ಕಿವಿ ಮುಚ್ಚುವ ಕಪ್ಪು. ಪ್ರತಿ ಓಟದಲ್ಲೂ ಗೆಳೆಯನ ಕಿವಿಯ ಮೇಲೆ ಅದು ಇರುತ್ತಿತ್ತು. ಜಲ್ಲಿ ಅಲ್ಲಾಡಿಸಿದಂಥ ಸದ್ದು ಒಂದೇ ಒಂದು ಬಂದರೂ ಕೈ ಎತ್ತಬೇಕು ಅನ್ನುವುದು ನಮ್ಮ ಒಪ್ಪಂದ. 30 ಡಿಗ್ರಿಯಲ್ಲಿ ಎರಡು ಸಲ ಕೈ ಎತ್ತಿದ. 26ರಲ್ಲಿ ಒಮ್ಮೆಯೂ ಇಲ್ಲ.

ಕಡಿಮೆ ಲೋಡಿನ ಕೋಶಗಳಿಗೆ ಈ ವಿಧಾನ ಬರುವುದಿಲ್ಲ. ಅಲ್ಲಿ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರನ್ನೇ ಅಳತೆಗೋಲು ಮಾಡಿಕೊಂಡೆ. ಮಟ್ಟದ ದಾರಿಯಲ್ಲಿ ಒಂದೇ ವೇಗ ಹಿಡಿದು ಅಡ್ವಾನ್ಸ್ ಏರಿಸುತ್ತಾ ಹೋದರೆ ಅದೇ ವೇಗಕ್ಕೆ ಕಡಿಮೆ ಥ್ರಾಟಲ್ ಸಾಕಾಗುತ್ತದೆ, ಮ್ಯಾನಿಫೋಲ್ಡ್ ಒತ್ತಡ ಇಳಿಯುತ್ತದೆ. ಇಳಿಯುವುದು ನಿಂತ ಕಡೆ ನಿಲ್ಲಿಸಬೇಕು. 45 ಕಿಲೋಪಾಸ್ಕಲ್ ಹತ್ತಿರ ನನ್ನದು 37 ಡಿಗ್ರಿಗೆ ನಿಂತಿತು. ಮೈಲೇಜ್ ಏರಿದ್ದು ಇಲ್ಲಿಯೇ. ಲೀಟರಿಗೆ 11 ಕೊಡುತ್ತಿದ್ದ ಗಾಡಿ 14 ದಾಟಿದೆ. ಕಾರ್ಬ್ಯುರೇಟರ್ ಕಾಲದಲ್ಲಿ ಹೆಚ್ಚೆಂದರೆ 12 ನೋಡಿದ್ದೆ.

ಐಡಲ್ ಗುಟ್ಟು ಒಂದು ಹೇಳಿಬಿಡುತ್ತೇನೆ. 900ರಲ್ಲಿ 14 ಡಿಗ್ರಿ ಇದ್ದರೆ, 700ರ ಕೋಶದಲ್ಲಿ 20 ಹಾಕಿ. ಆರ್‌ಪಿಎಂ ಬಿದ್ದ ಕೂಡಲೇ ಅಡ್ವಾನ್ಸ್ ಏರಿ ಇಂಜಿನ್ ತಾನೇ ಚೇತರಿಸಿಕೊಳ್ಳುತ್ತದೆ. ಐಡಲ್ ವಾಲ್ವ್ ಇಲ್ಲದೆಯೇ ನನ್ನದು ನಿಲ್ಲುತ್ತದೆ. ಕೋಲ್ಡ್ ಸ್ಟಾರ್ಟ್ ಟೇಬಲ್ ಮತ್ತು ಥ್ರಾಟಲ್ ಒತ್ತಿದಾಗಿನ ಎನ್‌ರಿಚ್‌ಮೆಂಟ್ (ಹೆಚ್ಚುವರಿ ಪೆಟ್ರೋಲ್) ಕರ್ವ್ ಮಾತ್ರ ಕೊಡುವುದಿಲ್ಲ. ಅದಕ್ಕೆ ಎರಡು ಚಳಿಗಾಲ ಹಿಡಿದಿದೆ. ಒಂದು ಸುಳಿವು ಕೊಡಬಲ್ಲೆ: ಆ ಎರಡನ್ನೂ ಒಟ್ಟಿಗೆ ಮುಟ್ಟಬೇಡಿ, ವಾರ್ಮಪ್ ಕರ್ವ್ ಮುಗಿಸಿ ಆಮೇಲೆ ಕೈ ಹಾಕಿ.

ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಬೇರೆ. ಪಿಸ್ಟನ್ ತೂತು ಬೀಳುತ್ತೆ ಅಂದ ಮೆಕ್ಯಾನಿಕ್ಕೇ ಹೋದ ತಿಂಗಳು ಪ್ಲಗ್ ಬಿಚ್ಚಿ ನೋಡಿದರು. ನಾಲ್ಕೂ ಒಂದೇ ತೆಳು ಕಂದು ಬಣ್ಣ. ಸ್ವಲ್ಪ ಹೊತ್ತು ತಿರುಗಿಸಿ ನೋಡಿ, "ಮೂರನೇ ಸಿಲಿಂಡರಿನದ್ದೂ ಇಷ್ಟು ಚೆನ್ನಾಗಿದೆಯಲ್ರೀ, ಆ ಸೆಕೆಂಡಿನ ಲೆಕ್ಕ ನನಗೂ ತೋರಿಸಿ" ಅಂದರು. ತೋರಿಸಿದೆ.

ಈಗ ಪ್ರತಿ ಸಿಲಿಂಡರಿಗೂ ಅದರದೇ ಸರದಿಯಲ್ಲಿ ಪೆಟ್ರೋಲ್ ಬಿಡುವ ಸೀಕ್ವೆನ್ಷಿಯಲ್ ಇಂಜೆಕ್ಷನ್‌ಗೆ ಕೈ ಹಾಕಿದ್ದೇನೆ. ಹಳೇ ಡಿಸ್ಟ್ರಿಬ್ಯೂಟರ್ ಒಳಗೆ ಒಂದೇ ಹಲ್ಲು ಉಳಿಸಿ ಹಾಲ್ ಸೆನ್ಸರ್ ಕೂರಿಸಿ ಆಗಿದೆ. ಸಿಗ್ನಲ್ ಚೊಕ್ಕವಾಗಿ ಬರುತ್ತಿದೆ. ಮುಂದಿನ ವಾರ ವೈರಿಂಗ್ ಬಿಚ್ಚುತ್ತೇನೆ.