ರಿಟರ್ನ್ ಫೈಲ್ ಆಯ್ತು, ಆ ನಾಲ್ಕು ವೋಚರ್ ಏನ್ ಮಾಡೋದು? (ಅಮೆರಿಕಕ್ಕೆ ಹೊಸದಾಗಿ ಬಂದವ್ರಿಗೆ)

ಏಪ್ರಿಲ್‌ನಲ್ಲಿ ರಿಟರ್ನ್ ಕಳಿಸಿ ಉಸ್ಸಪ್ಪಾ ಅಂತ ಕೂರೋ ಹೊತ್ತಿಗೆ ಟ್ಯಾಕ್ಸ್ ಸಾಫ್ಟ್‌ವೇರು 1040-ಇಎಸ್ ಅಂತ ನಾಲ್ಕು ವೋಚರ್ (ಈ ವರ್ಷದ ಟ್ಯಾಕ್ಸನ್ನ ಮುಂಗಡವಾಗಿ ನಾಲ್ಕು ಕಂತಲ್ಲಿ ಕಟ್ಟೋ ಚೀಟಿ) ಕೊಟ್ಟಿರುತ್ತೆ, ಅದ್ರಲ್ಲಿ ಅಮೌಂಟೂ ಬರ್ದಿರುತ್ತೆ. ಹೊಸಬ್ರು ಅದನ್ನ ಐಆರ್‌ಎಸ್ (ಇಲ್ಲಿನ ಟ್ಯಾಕ್ಸ್ ಇಲಾಖೆ) ನೋಟಿಸ್ ಅನ್ಕೊಂಡು ಹೆದರ್ಕೊಳ್ತಾರೆ. ಅಲ್ಲ ರೀ, ಅದು ಹೋದ ವರ್ಷದ ಲೆಕ್ಕ ಇಟ್ಕೊಂಡು ಸಾಫ್ಟ್‌ವೇರ್ ಮಾಡಿರೋ ಅಂದಾಜು ಅಷ್ಟೇ. ಬದಲಾಯಿಸೋಕೆ ಯಾವ ಫಾರ್ಮೂ ಬೇಡ, ಯಾರನ್ನೂ ಕೇಳ್ಬೇಕಾಗಿಲ್ಲ, ಮುಂದಿನ ಕಂತು ಬೇರೆ ಅಮೌಂಟ್ ಕಟ್ಟಿದ್ರೆ ಆಯ್ತು.

ನಮ್ಮವ್ರಿಗೆ ಇದು ಯಾಕ್ ಬರುತ್ತೆ ಅಂದ್ರೆ, ಒಂದು, ಆರ್‌ಎಸ್‌ಯು (ಸಂಬಳದ ಜೊತೆ ಕಂಪನಿ ಕೊಡೋ ಷೇರು) ವೆಸ್ಟ್ ಆದಾಗ, ಅಂದ್ರೆ ಅದು ನಿಮ್ಮದಾದಾಗ, ಟ್ಯಾಕ್ಸ್ ಅಂತ ಸಾಮಾನ್ಯವಾಗಿ 22% ಮಾತ್ರ ಹಿಡೀತಾರೆ, ನಿಮ್ಮ ಬ್ರಾಕೆಟ್ (ಟ್ಯಾಕ್ಸ್ ದರ) 24 ಅಥವಾ 32 ಇದ್ರೆ ಉಳಿದಿದ್ದು ನಿಮ್ಮ ತಲೆ ಮೇಲೆ. ಇನ್ನೊಂದು ಊರಿನ ಎಫ್‌ಡಿ ಬಡ್ಡಿ, ಮನೆ ಬಾಡಿಗೆ. ಎನ್‌ಆರ್‌ಇ (ಊರಿನ ಬ್ಯಾಂಕಲ್ಲಿ ಅನಿವಾಸಿಗಳ ಖಾತೆ) ಬಡ್ಡಿಗೆ ಅಲ್ಲಿ ಟ್ಯಾಕ್ಸ್ ಇಲ್ಲ ಅಂತ ಇಲ್ಲೂ ಇಲ್ಲ ಅನ್ಕೋಬೇಡಿ, ಇಲ್ಲಿ ಟ್ಯಾಕ್ಸ್ ರೆಸಿಡೆಂಟ್ ಆದ್ಮೇಲೆ ಅದೂ ಆದಾಯನೇ.

ತಾರೀಖು ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಮುಂದಿನ ಜನವರಿ 15. ಊರಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿದ್ದವ್ರು ಡಿಸೆಂಬರ್, ಮಾರ್ಚ್ ಅಂತ ಕಾಯ್ತಾ ಕೂತ್ಬಿಡ್ತಾರೆ, ಹುಷಾರು.

ಪೆನಾಲ್ಟಿ ತಪ್ಪಿಸೋಕೆ ಈ ವರ್ಷದ ಟ್ಯಾಕ್ಸ್‌ನ 90% ಅಥವಾ ಹೋದ ವರ್ಷದ್ದರ 100%, ಎರಡರಲ್ಲಿ ಯಾವ್ದು ಕಮ್ಮಿಯೋ ಅಷ್ಟು ಒಳಗೆ ಹೋಗಿರ್ಬೇಕು. ಹೋದ ವರ್ಷದ ಎಜಿಐ (ಕೆಲವು ಕಡಿತ ಕಳೆದ ಮೇಲಿನ ಒಟ್ಟು ಆದಾಯ, ರಿಟರ್ನ್‌ನಲ್ಲೇ ಇರುತ್ತೆ) 1,50,000 ಡಾಲರ್ ದಾಟಿದ್ರೆ ಆ 100% ಜಾಗದಲ್ಲಿ 110%. ವಿತ್‌ಹೋಲ್ಡಿಂಗ್ (ಸಂಬಳದಲ್ಲೇ ಹಿಡಿಯೋ ಟ್ಯಾಕ್ಸ್) ಕಳೆದು ಬಾಕಿ 1,000 ಡಾಲರ್ ಒಳಗಿದ್ರೆ ಚಿಂತೆನೇ ಇಲ್ಲ.

ಲೆಕ್ಕ ನೋಡಿ. ಹೋದ ವರ್ಷ ಎಜಿಐ 1,85,000, ಟ್ಯಾಕ್ಸ್ 24,000 ಅನ್ಕೊಳ್ಳಿ, 110% ಅಂದ್ರೆ 26,400. ಸಂಬಳದಲ್ಲಿ 22,000 ಹಿಡೀತಾರೆ ಅಂತ ವೋಚರ್ ತಲಾ 1,100 ಬಂತು, ಏಪ್ರಿಲ್‌ದು ಕಟ್ಟಿದ್ರಿ. ಆಮೇಲೆ ಕಂಪನಿ ಬದಲಾಯ್ಸಿದ್ರಿ, ವರ್ಷಕ್ಕೆ 20,400 ಮಾತ್ರ ಹಿಡೀತಾರೆ ಅಂತ ಗೊತ್ತಾಯ್ತು. ಈಗ ನೀವು ಕಟ್ಬೇಕಾದ್ದು 6,000. ಜೂನ್ ಹೊತ್ತಿಗೆ ಅದ್ರಲ್ಲಿ ಅರ್ಧ ಹೋಗಿರ್ಬೇಕು, ಹಾಗಾಗಿ ಜೂನ್‌ನಲ್ಲಿ 1,900, ಆಮೇಲೆ ಎರಡು ಸಲ 1,500. ಏಪ್ರಿಲ್‌ನಲ್ಲಿ ಕಮ್ಮಿಯಾದ 400ಕ್ಕೆ ಎರಡು ತಿಂಗಳ ಬಡ್ಡಿ ಥರ ಸ್ವಲ್ಪ ಬೀಳಬಹುದು, ಅದಕ್ಕೆ ನಿದ್ದೆ ಕೆಡಿಸ್ಕೋಬೇಡಿ. ಉಲ್ಟಾ ಆದ್ರೆ, ಅಂದ್ರೆ ಈ ವರ್ಷ ಆರ್‌ಎಸ್‌ಯು ಇಲ್ಲ, ಟ್ಯಾಕ್ಸೇ 20,000 ಆಗೋ ಹಾಗಿದ್ರೆ 90% ಅಂದ್ರೆ 18,000, ಅಷ್ಟು ಸಂಬಳದಲ್ಲೇ ಹೋಗ್ತಿದೆ, ಮಿಕ್ಕ ವೋಚರ್ ಹರಿದು ಬಿಸಾಕಿ.

ನನ್ನ ಕೇಳಿದ್ರೆ ಸಂಬಳದ ಕೆಲಸ ಇರೋವ್ರಿಗೆ ಈ ಕಂತಿನ ರಗಳೆನೇ ಬೇಡ, ಡಬ್ಲ್ಯೂ-4ನಲ್ಲಿ (ಟ್ಯಾಕ್ಸ್ ಎಷ್ಟು ಹಿಡೀಬೇಕು ಅಂತ ಕಂಪನಿಗೆ ಕೊಡೋ ಫಾರ್ಮು) 4(ಸಿ) ಅಂತ ಒಂದು ಸಾಲಿದೆ, ಪ್ರತಿ ಸಂಬಳಕ್ಕೆ ಎಷ್ಟು ಜಾಸ್ತಿ ಹಿಡೀಬೇಕು ಅಂತ ಅಲ್ಲಿ ಬರೀರಿ. ಇದ್ರಲ್ಲಿ ಮಜಾ ಏನಂದ್ರೆ ವಿತ್‌ಹೋಲ್ಡಿಂಗ್ ನವೆಂಬರ್‌ನಲ್ಲಿ ಜಾಸ್ತಿ ಮಾಡಿದ್ರೂ ವರ್ಷಪೂರ್ತಿ ಸಮವಾಗಿ ಕಟ್ಟಿದ ಹಾಗೇ ಲೆಕ್ಕ, ಹಿಂದೆ ಬಿಟ್ಟ ಕಂತೂ ಮುಚ್ಚಿಹೋಗುತ್ತೆ.

ಫೈಲ್ ಮಾಡುವಾಗ್ಲೇ ನಾಲ್ಕೂ ಕಂತು ಬ್ಯಾಂಕಿಂದ ಎಳ್ಕೊಳ್ಳಿ ಅಂತ ಟಿಕ್ ಹಾಕಿದ್ರೆ ಮಾತ್ರ ಸುಮ್ನೆ ಬಿಡೋ ಹಾಗಿಲ್ಲ, ತಾರೀಖಿಗೆ ಎರಡು ಕೆಲಸದ ದಿನ ಮುಂಚೆನಾದ್ರೂ ಐಆರ್‌ಎಸ್‌ಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿಸ್ಬೇಕು, ಆಮೇಲೆ ಡೈರೆಕ್ಟ್ ಪೇನಲ್ಲಿ (ಐಆರ್‌ಎಸ್ ವೆಬ್‌ಸೈಟಲ್ಲಿ ಬ್ಯಾಂಕಿಂದ ನೇರವಾಗಿ ಕಟ್ಟೋ ಜಾಗ) ಹೊಸ ಅಮೌಂಟ್ ಹಾಕಿ. ಅಲ್ಲಿ ವರ್ಷ ಕೇಳುತ್ತೆ, ನಡೀತಿರೋ ವರ್ಷ ಹಾಕ್ಬೇಕು, ಈಗಷ್ಟೇ ಫೈಲ್ ಮಾಡಿದ್ದಲ್ಲ.

ರಾಜ್ಯದ್ದು ಬೇರೆ ಲೆಕ್ಕ. ಟೆಕ್ಸಾಸ್‌ನವ್ರು ಆರಾಮ, ಕೊಡೋದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಂತು 30, 40, 0, 30 ಪರ್ಸೆಂಟ್, ಸೆಪ್ಟೆಂಬರ್‌ನಲ್ಲಿ ಏನಿಲ್ಲ, ಜೂನ್‌ನಲ್ಲಿ ಜಾಸ್ತಿ ಹೋಗುತ್ತೆ, ದುಡ್ಡು ಎತ್ತಿಟ್ಟಿರಿ.