ಫ್ಲ್ಯಾಟ್ ಬೆಡ್ ಪಿಕಪ್ ಮೇಲೆ ಕ್ಯಾಂಪರ್ ಕೂರಿಸಿದ ನನ್ನ ಅನುಭವ

ನನ್ನ ಬೊಲೆರೊ ಪಿಕಪ್ ಮೇಲೆ ಕ್ಯಾಂಪರ್ (ಗಾಡಿಯ ಹಿಂಭಾಗದಲ್ಲಿ ಕೂರಿಸುವ, ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಪುಟ್ಟ ಮನೆ) ನೋಡಿದವರೆಲ್ಲ ಮೊದಲು ಕೇಳೋದು ಒಳಗಿನ ಮಂಚ, ಒಲೆ, ನೀರಿನ ಟ್ಯಾಂಕ್ ಬಗ್ಗೆ. ಅವನ್ನು ಒಳ್ಳೆ ಬಡಗಿ ಯಾರು ಬೇಕಾದರೂ ಮಾಡಿಕೊಡುತ್ತಾರೆ. ನಾನು ತಲೆ ಕೆಡಿಸಿಕೊಂಡಿದ್ದು ಅದರ ಕೆಳಗಿನ ಕೆಲಸಕ್ಕೆ. ಕ್ಯಾಂಪರ್ ಕೂರೋದು ಬೆಡ್ ಮೇಲೆ, ಅಂದರೆ ಪಿಕಪ್‌ನ ಹಿಂದೆ ಸಾಮಾನು ಹೊರುವ ಹಾಸಿನ ಮೇಲೆ, ನಿಜ. ಆದರೆ ಅದನ್ನು ಹಿಡಿದಿಡಬೇಕಾದ್ದು ಚಾಸಿ, ಅಂದರೆ ಇಡೀ ಗಾಡಿಯನ್ನು ಹೊತ್ತ ಉಕ್ಕಿನ ಚೌಕಟ್ಟು. ಇದೊಂದನ್ನು ಬಿಟ್ಟುಕೊಡದೆ ಕೆಲಸ ಮಾಡಿಸಿದೆ, ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ.

ಪರಿಚಯದವರಿಂದ ಕೊಂಡ ಈ ಕ್ಯಾಂಪರ್ ಡಬಲ್ ಕ್ಯಾಬ್ ಪಿಕಪ್‌ನ ಕಂಪನಿ ತೊಟ್ಟಿಗೆ ಅಂತ ಕಟ್ಟಿದ್ದು. ಅದರ ತಳ ಮೂರೂವರೆ ಅಡಿ ಅಗಲ, ಚಕ್ರದ ಎರಡು ಉಬ್ಬುಗಳ ನಡುವೆ ಇಳಿಯುವಷ್ಟು ಮಾತ್ರ. ಮೇಲಕ್ಕೆ ಹೋದಂತೆ ಎರಡೂ ಕಡೆ ರೆಕ್ಕೆ ಚಾಚಿಕೊಂಡು ಆರಡಿ ಆಗುತ್ತದೆ. ನನ್ನ ಗಾಡಿಯಲ್ಲಿ ಇದ್ದದ್ದು ಬಾಡಿ ಕಟ್ಟುವವರು ಮಾಡಿಕೊಟ್ಟ ಸಪಾಟಾದ ಕಬ್ಬಿಣದ ಬೆಡ್. ಉದ್ದಕ್ಕೆ ನಾಲ್ಕು ಇಂಚಿನ ಸಿ ಚಾನೆಲ್ (ಸಿ ಆಕಾರದ ಕಬ್ಬಿಣದ ತೊಲೆ), ಅದರ ಮೇಲೆ ಅಡ್ಡಕ್ಕೆ ಮೂರು ಇಂಚಿನದು, ಅದರ ಮೇಲೆ ಚೆಕ್ಕರ್ ಪ್ಲೇಟ್ (ಉಬ್ಬು ಗೆರೆಗಳಿರುವ ಕಬ್ಬಿಣದ ತಗಡು). ಅಂದರೆ ಚಾಸಿಯಿಂದ ಏಳು ಇಂಚಿಗಿಂತ ಜಾಸ್ತಿ ಎತ್ತರ. ತರಕಾರಿ, ಸಿಮೆಂಟ್ ಹೊರೋದಕ್ಕೆ ಇದು ಪರವಾಗಿಲ್ಲ. ಆರೂವರೆ ಅಡಿ ಎತ್ತರದ ಕ್ಯಾಂಪರ್‌ಗೆ ಅಷ್ಟು ಎತ್ತರ ಬೇಡ, ತಿರುವಿನಲ್ಲಿ ಗಾಡಿ ವಾಲುತ್ತದೆ.

ಪೀಣ್ಯದಲ್ಲಿ ಒಬ್ಬ ಫ್ಯಾಬ್ರಿಕೇಶನ್‌ನವರ ಹತ್ತಿರ ಕೂತು ಬೆಡ್ ಬಿಚ್ಚಿಸಿದೆ. ಕ್ಯಾಂಪರ್‌ನ ತಳ ಕಿರಿದಾಗಿದೆಯಲ್ಲ, ಅದೇ ನಮಗೆ ಅನುಕೂಲವಾಯಿತು. ಎರಡು ಹಿಂದಿನ ಟೈರ್‌ಗಳ ಒಳ ಅಂಚಿನ ನಡುವೆ ಸುಮಾರು 46 ಇಂಚು ಜಾಗ ಇತ್ತು. ತಳ 42 ಇಂಚು. ಹಾಗಾಗಿ ಅಡ್ಡ ಚಾನೆಲ್‌ಗಳನ್ನು ಉದ್ದದ ಚಾನೆಲ್‌ಗಳ ಮೇಲೆ ಇಡದೆ, ಅವುಗಳ ನಡುವೆಯೇ ಸಮಕ್ಕೆ ಕೂರಿಸಿದೆವು. ಬೆಡ್ ಮೂರು ಇಂಚು ಇಳಿಯಿತು. ಟೈರ್ ಮೇಲಕ್ಕೆ ಬಂದಾಗ ತಾಗದಂತೆ ಎರಡೂ ಕಡೆ ಉಬ್ಬು ಪೆಟ್ಟಿಗೆ ಕಟ್ಟಿದೆವು, ಅವು ರೆಕ್ಕೆಯ ಅಡಿಯಲ್ಲಿ ಮರೆಯಾದವು. ರೆಕ್ಕೆ ಕೆಳಗೆ ಉಳಿದ ಜಾಗದಲ್ಲಿ ಜ್ಯಾಕ್, ಹಗ್ಗ, ನೀರಿನ ಕ್ಯಾನ್ ಇಡಲು ಬೀಗ ಇರುವ ಡಬ್ಬಿಗಳು ಬಂದವು. ಕಂಪನಿ ತೊಟ್ಟಿಯಲ್ಲಿ ಈ ಸೌಕರ್ಯ ಸಿಗೋದಿಲ್ಲ.

ಆಮೇಲೆ ಬೆಡ್ ಅನ್ನು ಚಾಸಿಗೆ ಸೇರಿಸುವ ಮಾತು. ಫ್ಯಾಬ್ರಿಕೇಶನ್‌ನವರು "ಸಾರ್, ನಾಲ್ಕು ಕಡೆ ವೆಲ್ಡಿಂಗ್ ಹೊಡೆದುಬಿಡ್ತೀನಿ, ಹತ್ತು ವರ್ಷ ಅಲ್ಲಾಡಲ್ಲ" ಅಂದರು. "ಬೇಡ ಅಣ್ಣ, ಚಾಸಿಗೆ ಬೆಂಕಿ ತಾಗಿಸೋದು ಬೇಡ" ಅಂದೆ. ಚಾಸಿಯ ಮೇಲಿನ ಮತ್ತು ಕೆಳಗಿನ ಅಂಚುಗಳೇ ಭಾರದ ಎಳೆತ ತಡೆಯುವ ಜಾಗ. ಅಲ್ಲಿ ವೆಲ್ಡ್ ಮಾಡಿದರೂ, ತೂತು ಕೊರೆದರೂ ಬಿರುಕು ಅಲ್ಲಿಂದಲೇ ಶುರು. ಚಾಸಿಯನ್ನು ಸುತ್ತಿ ಹಿಡಿಯುವ ಯು ಆಕಾರದ ಯು-ಬೋಲ್ಟ್ ಹಾಕಿಸಿದೆ, ಜೊತೆಗೆ ಚಾಸಿಯ ಪಕ್ಕದ ಗೋಡೆಯಲ್ಲಿ ಕಂಪನಿಯವರೇ ಬಿಟ್ಟ ತೂತುಗಳಿಗೆ ಬ್ರಾಕೆಟ್. ಯು-ಬೋಲ್ಟ್ ಬಿಗಿ ಮಾಡುವಾಗ ಸಿ ಚಾನೆಲ್ ಮಡಚಿಕೊಳ್ಳದಂತೆ ಒಳಗೆ ಕಬ್ಬಿಣದ ತುಂಡು ಇಡಲೇಬೇಕು. ಮರದ ತುಂಡು ಕಾಲಕ್ರಮೇಣ ಒಣಗಿ ಕುಗ್ಗುತ್ತದೆ, ಬೋಲ್ಟ್ ಸಡಿಲ ಆಗುತ್ತದೆ.

ಕ್ಯಾಂಪರ್ ಕಟ್ಟುವ ನಾಲ್ಕು ಕೊಂಡಿಗಳನ್ನೂ ಹಾಗೆಯೇ ಚಾಸಿಯಿಂದ ಹೊರಗೆ ಚಾಚಿಸಿದೆ. ಬೆಡ್‌ಗೆ ಕಟ್ಟಿದ್ದರೆ, ಜೋರಾಗಿ ಬ್ರೇಕ್ ಹಾಕಿದಾಗ ಕ್ಯಾಂಪರ್ ಭಾರವೆಲ್ಲ ಚೆಕ್ಕರ್ ಪ್ಲೇಟಿನ ಅಂಚಿನ ಮೇಲೆ ಬೀಳುತ್ತಿತ್ತು. ಕ್ಯಾಂಪರ್ ಅನ್ನು ಆ ಕೊಂಡಿಗಳಿಗೆ ಎಳೆದು ಕಟ್ಟಲು ಎಸ್‌ಜೆಪಿ ರೋಡ್‌ನಲ್ಲಿ ಟರ್ನ್‌ಬಕಲ್ (ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಬಿಗಿಪಟ್ಟು) ಕೊಳ್ಳುವಾಗ ಕೊಕ್ಕೆ ಇರೋದನ್ನು ಬಿಟ್ಟು ಎರಡೂ ತುದಿಗೆ ಪಿನ್ ಹಾಕುವಂಥದ್ದನ್ನೇ ಕೇಳಿ ತಂದೆ. ನಮ್ಮ ಹಂಪ್‌ಗಳ ಮೇಲೆ ಕ್ಯಾಂಪರ್ ಒಮ್ಮೆ ಕುಪ್ಪಳಿಸಿದರೆ ಸಾಕು, ತೆರೆದ ಕೊಕ್ಕೆ ಜಾರುತ್ತದೆ. ಪ್ರತಿಯೊಂದಕ್ಕೂ ಗಟ್ಟಿ ಸ್ಪ್ರಿಂಗ್ ಮತ್ತು ಲಾಕ್ ನಟ್ ಇದೆ. ಓರೆಯಾಗಿ ಹಂಪ್ ಹತ್ತುವಾಗ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಸ್ಪ್ರಿಂಗ್ ಇಲ್ಲದಿದ್ದರೆ ಆ ತಿರುಚು ನೇರವಾಗಿ ಕ್ಯಾಂಪರ್‌ನ ಮೂಲೆಗಳನ್ನು ಕೀಳುತ್ತದೆ.

ತಳಕ್ಕೆ ಹಾಸಿದ್ದು ದನದ ಕೊಟ್ಟಿಗೆಗೆ ಹಾಕುವ ರಬ್ಬರ್ ಮ್ಯಾಟ್. ಕಬ್ಬಿಣದ ಮೇಲೆ ಪ್ಲೈವುಡ್ ತಳ ಜಾರುತ್ತದೆ, ರಬ್ಬರ್ ಮೇಲೆ ಕಚ್ಚಿ ಕೂರುತ್ತದೆ. ಜೊತೆಗೆ ಮುಂದುಗಡೆ, ಕ್ಯಾಬಿನ್ ಹಿಂದಿನ ಕಂಬಿಗೆ ತಾಗುವಂತೆ ಒಂದು ಗಟ್ಟಿ ಮರದ ತಡೆ. ಪಕ್ಕಕ್ಕೆ ಸರಿಯದಂತೆ ಎರಡು ಉದ್ದದ ಆಂಗಲ್.

ಕ್ಯಾಂಪರ್ ಅನ್ನು ಎತ್ತಿ ನಿಲ್ಲಿಸುವ ನಾಲ್ಕು ಮೂಲೆಯ ಜ್ಯಾಕ್‌ಗಳು ಇನ್ನೊಂದು ತಕರಾರು ತೆಗೆದವು. ಜ್ಯಾಕ್ ಕಾಲುಗಳ ಒಳ ಅಂತರ ಬೆಡ್‌ನ ಅಗಲಕ್ಕಿಂತ ಎರಡು ಇಂಚು ಕಡಿಮೆ. ಗಾಡಿ ರಿವರ್ಸ್ ಹೊಡೆದು ಕೆಳಗೆ ನುಗ್ಗಿಸೋದು ಸಾಧ್ಯವೇ ಇರಲಿಲ್ಲ. ಆರು ಎಂಎಂ ಪ್ಲೇಟಿನಲ್ಲಿ ಬ್ರಾಕೆಟ್ ಮಾಡಿಸಿ ಪ್ರತಿ ಕಾಲನ್ನೂ ಐದು ಇಂಚು ಹೊರಗೆ ಸರಿಸಿದೆ. ಕಾಲು ಹೊರಗೆ ಹೋದಷ್ಟೂ ಬೋಲ್ಟ್ ಮೇಲೆ ಎಳೆತ ಜಾಸ್ತಿ, ಅದಕ್ಕೆ ಕ್ಯಾಂಪರ್ ಗೋಡೆಯ ಒಳಗಡೆಯೂ ಅಗಲವಾದ ಪ್ಲೇಟ್ ಕೊಟ್ಟು ಬೋಲ್ಟ್ ಮಾಡಿಸಿದೆ. ಹತ್ತಿಸುವಾಗ ಸಮತಟ್ಟು ನೆಲ ಬೇಕು, ಕಾಲಿನ ಕೆಳಗೆ ಹಲಗೆ ಬೇಕು, ಹಿಂದೆ ನಿಂತು ಕೈ ತೋರಿಸುವವರು ಒಬ್ಬರು ಬೇಕು.

ತೂಕದ ವಿಷಯದಲ್ಲಿ ಅಂದಾಜು ಬೇಡವೇ ಬೇಡ. ವೇ ಬ್ರಿಡ್ಜ್‌ಗೆ (ಗಾಡಿಯನ್ನೇ ಹತ್ತಿಸಿ ತೂಗುವ ಕಟ್ಟೆ) ಹೋಗಿ ಖಾಲಿ ಬೆಡ್‌ನಲ್ಲಿ ಒಮ್ಮೆ, ನೀರು, ಗ್ಯಾಸ್, ಹಾಸಿಗೆ ಸಮೇತ ಕ್ಯಾಂಪರ್ ಹೊತ್ತು ಒಮ್ಮೆ ತೂಗಿಸಿದೆ. ಒಟ್ಟು ತೂಕದ ಜೊತೆ ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಬೇರೆಯಾಗಿ ನೋಡಿದೆ. ಕ್ಯಾಂಪರ್ 520 ಕೆಜಿ ಬಂತು. ಅದರಲ್ಲಿ ಮುಂದಿನ ಆಕ್ಸಲ್‌ಗೆ 40 ಕೆಜಿ ಸೇರಿತ್ತು. ಆ 40ನ್ನು ವೀಲ್‌ಬೇಸ್‌ನಿಂದ (ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಅಂತರ) ಗುಣಿಸಿ 520ರಿಂದ ಭಾಗಿಸಿ. ನನ್ನ ಗಾಡಿಯ ವೀಲ್‌ಬೇಸ್ ಹತ್ತು ಅಡಿ ಚಿಲ್ಲರೆ, ಹಾಗಾಗಿ ಕ್ಯಾಂಪರ್‌ನ ಭಾರದ ಮಧ್ಯಬಿಂದು ಹಿಂದಿನ ಆಕ್ಸಲ್‌ಗಿಂತ ಸುಮಾರು ಒಂಬತ್ತು ಇಂಚು ಮುಂದೆ ಇದೆ ಅಂತಾಯಿತು. ಕ್ಯಾಂಪರ್ ಹೊತ್ತಾಗ ಮುಂದಿನ ತೂಕ ಕಡಿಮೆ ಆಗಿದ್ದರೆ ಮಧ್ಯಬಿಂದು ಆಕ್ಸಲ್ ಹಿಂದೆ ಇದೆ ಎಂದರ್ಥ. ಆಗ ಸ್ಟೀರಿಂಗ್ ಹಗುರ ಆಗುತ್ತದೆ, ಮಳೆಯಲ್ಲಿ ಮುಂದಿನ ಚಕ್ರ ಹಿಡಿತ ಕಳೆದುಕೊಳ್ಳುತ್ತದೆ. ಒಟ್ಟು ತೂಕವನ್ನು ಆರ್‌ಸಿಯಲ್ಲಿರುವ ಗರಿಷ್ಠ ತೂಕದ ಜೊತೆ ಹೋಲಿಸಿ. ಹೊಸ ಬೆಡ್ ಕೂಡ ಅದರಲ್ಲಿ ಪಾಲು ತಿನ್ನುತ್ತದೆ ಅನ್ನೋದು ಮರೆಯಬೇಡಿ.

ಕಾಗದಪತ್ರ: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯ ಮೂಲ ವಿವರ ಬದಲಿಸುವುದಕ್ಕೆ ಸಂಬಂಧಿಸಿದ್ದು. ಬೆಡ್‌ಗೆ ಕೈ ಹಾಕುವ ಮೊದಲೇ ಡ್ರಾಯಿಂಗ್ ಹಿಡಿದು ಆರ್‌ಟಿಒಗೆ ಹೋಗಿ ಕೇಳಿ. ಹಿಂದಿನ ಲೈಟು, ನಂಬರ್ ಪ್ಲೇಟ್ ಮರೆಯಾಗಬಾರದು. ಗಾಡಿ ಓಡುವಾಗ ಕ್ಯಾಂಪರ್ ಒಳಗೆ ಯಾರನ್ನೂ ಕೂರಿಸಬೇಡಿ, ಮಕ್ಕಳು ಎಷ್ಟೇ ಹಟ ಮಾಡಲಿ.

ನೆಲದಿಂದ ಒಟ್ಟು ಎತ್ತರ 9 ಅಡಿ 2 ಇಂಚು. ಅದನ್ನು ಸ್ಟೀರಿಂಗ್ ಪಕ್ಕ ಬರೆದು ಅಂಟಿಸಿದ್ದೇನೆ. ಬೆಂಗಳೂರಿನಲ್ಲಿ ಅಂಡರ್‌ಪಾಸ್‌ಗಿಂತ ಕಾಡೋದು ಬಡಾವಣೆ ಗಲ್ಲಿಗಳಲ್ಲಿ ಜೋತುಬಿದ್ದ ಕೇಬಲ್‌ಗಳು ಮತ್ತು ಮರದ ಕೊಂಬೆಗಳು. ಅದಕ್ಕೆ ಮನೆಯಿಂದ ಮುಖ್ಯರಸ್ತೆಗೆ ಬರುವ ದಾರಿಯನ್ನು ಮೊದಲು ನಡೆದೇ ನೋಡಿಕೊಂಡೆ. ಮೊದಲ ಓಟ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ಕಡೆಗೆ. ಹತ್ತು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ನೋಡಿದರೆ ರಬ್ಬರ್ ಅಮುಕಿಕೊಂಡು ಮುಂದಿನ ಎರಡು ಟರ್ನ್‌ಬಕಲ್ ಅರ್ಧ ಸುತ್ತು ಸಡಿಲ ಆಗಿದ್ದವು. ಹೊಸ ಮ್ಯಾಟ್ ಹಾಗೇ, ಕೂರೋವರೆಗೂ ಬಿಗಿ ಮಾಡ್ತಾ ಇರಬೇಕು. ಯು-ಬೋಲ್ಟ್ ನಟ್‌ಗಳ ಮೇಲೆ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಅಂತ ಬಗ್ಗಿದರೆ ಗೊತ್ತಾಗುತ್ತದೆ, ಸ್ಪ್ಯಾನರ್ ಬೇಕಿಲ್ಲ.